ಕರಿಬೇವಿನ ಬುಡದಲ್ಲಿ ಹೂತ ಕೊಳವೆ

ನಮ್ಮ ಮನೆಯವರು ಸೈನ್ಯದಿಂದ ನಿವೃತ್ತರಾಗಿ ಬಂದು ಕೊಟ್ಟೂರಿನ ಒಂದು ಬ್ಯಾಂಕಿನಲ್ಲಿ ಕಾವಲು ಕೆಲಸಕ್ಕೆ ಸೇರಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನು ಹಾಕಿಕೊಂಡು ಜಂಪರು ಹೊಲಿಯುತ್ತೇನೆ. ಸೈನ್ಯದಲ್ಲಿ ಅವರ ಕೆಲಸ ಗಡಿಯ ಹತ್ತಿರ ನೆಲಬಾಂಬು ಹುಡುಕಿ ದಾರಿ ಬಿಡಿಸುವುದು. ಅದರ ಬಗ್ಗೆ ಅವರು ಹೆಚ್ಚು ಹೇಳಿದವರಲ್ಲ. ಆದರೆ ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಹೆಜ್ಜೆ ಇಡುವಾಗ ಇವತ್ತಿಗೂ ಒಂದು ಕ್ಷಣ ನಿಲ್ಲುತ್ತಾರೆ.

ಹೋದ ವರ್ಷ ಬೇಸಿಗೆ ಕಳೆದ ಮೇಲೆ ಕೊರಿಯರಿನಲ್ಲಿ ಉದ್ದನೆಯ ಡಬ್ಬಿಯೊಂದು ಬಂತು. ಏನೆಂದು ಕೇಳಿದರೆ, "ಹೊಲದ ಮೋಟಾರಿನ ಸಾಮಾನು" ಅಂದರು. ನಮ್ಮ ಹೊಲ ಇರುವುದು ಕೂಡ್ಲಿಗಿ ದಾರಿಯ ಹಳ್ಳಿಯಲ್ಲಿ, ನೋಡಿಕೊಳ್ಳುವವನು ನನ್ನ ಮೈದುನ. ಅವನ ಮೋಟಾರು ಕೆಟ್ಟಿದೆ ಎಂದು ನಾನು ಕೇಳಿರಲಿಲ್ಲ. ಅಂದಿನಿಂದ ಭಾನುವಾರ ಬಂದರೆ ಒಗ್ಗರಣೆ ಮಂಡಕ್ಕಿ ತಿಂದವರೇ ಆ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಹೊರಡತೊಡಗಿದರು. ಆಗಾಗ ಹಿತ್ತಲಿಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಾನು ಬಾಗಿಲಿಗೆ ಬಂದರೆ ದನಿ ತಗ್ಗುತ್ತಿತ್ತು.

ಅದೇ ಸಮಯಕ್ಕೆ ಮೈದುನ ಬಂದ. ಕೂತು ಚಹಾ ಕುಡಿದು, ಅಣ್ಣ ಮನೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೇಳಿದ:

"ಅತ್ತಿಗಿ, ಅಣ್ಣಗ ನಿಧಿ ಏನಾರ ಸಿಕ್ಕೈತೇನು?"

"ಯಾರು ಹೇಳಿದ್ರು ನಿನಗ?"

"ಊರಾಗ ಎಲ್ಲಾರೂ ಅನ್ನಾಕತ್ಯಾರ. ಗುಡ್ಡದ ಹಳೇ ಕ್ವಾರಿ ತಾವ ಕಿವಿಗೆ ಅದೇನೋ ಹಾಕ್ಕೊಂಡು, ಕೋಲು ಹಿಡಕೊಂಡು ತಿರುಗ್ತಾನಂತ. ಸಿಕ್ಕಿದ್ರ ಮುಚ್ಚಿಡಬ್ಯಾಡ್ರಿ. ಹೊಲ ಇಬ್ಬರದೂ ಐತಿ."

ಕ್ವಾರಿ ನಮ್ಮ ಹೊಲದಲ್ಲಿಲ್ಲ, ಹೊಲದ ಹಿಂದಿನ ಗುಡ್ಡದಲ್ಲಿದೆ, ಕಲ್ಲು ತೆಗೆಯುವುದು ನಿಂತು ಎಷ್ಟೋ ಕಾಲವಾಗಿದೆ ಎಂದು ಹೇಳಿ ಅವನನ್ನು ಕಳಿಸಿದೆ. ಆದರೆ ಅವನ ಮಾತು ನನ್ನ ತಲೆಯಲ್ಲಿ ಉಳಿಯಿತು. ನಿಧಿ ಎಂದರೆ ಸಾಕು, ನಮ್ಮ ಕಡೆ ಒಳ್ಳೊಳ್ಳೆಯವರ ಬುದ್ಧಿಯೂ ಕೆಡುತ್ತದೆ.

ಒಂದು ಮಧ್ಯಾಹ್ನ ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದ್ದೆ. ಕೆಳಗೆ ಇವರು ಕರಿಬೇವಿನ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಅತ್ತಿತ್ತ ನೋಡಿ, ಏನನ್ನೋ ಹೂತು, ಮಣ್ಣು ಸವರಿ ಎದ್ದರು. ಮರುದಿನ ಅವರು ಬ್ಯಾಂಕಿಗೆ ಹೋದ ಮೇಲೆ ನಾನು ಕುರ್ಪಿ ತೆಗೆದುಕೊಂಡು ಅಗೆದೆ. ಪೆನ್ಸಿಲಿನಷ್ಟು ದಪ್ಪದ ಅಲ್ಯುಮಿನಿಯಂ ಕೊಳವೆ ಸಿಕ್ಕಿತು. ಒಂದು ತುದಿಯನ್ನು ಹಿಚುಕಿ ಮುಚ್ಚಲಾಗಿತ್ತು. ಅದರಿಂದ ತಾಮ್ರದ ಎರಡು ಎಳೆ ಹೊರಬಂದು ಸುತ್ತಿಕೊಂಡಿದ್ದವು.

ನನಗೆ ಮೊದಲು ಹೊಳೆದದ್ದು ಮಾಟ. ಹೊಳಲಿನ ನನ್ನ ತವರಿನಲ್ಲಿ ಚಿಕ್ಕಂದಿನಿಂದ ಮಾಟದ ತಗಡು, ತಾಯಿತದ ಮಾತು ಕೇಳಿ ಬೆಳೆದವಳು ನಾನು. ನಿಧಿ ತೆಗೆಯುವವರು ಮೊದಲು ಮನೆಯ ಮಣ್ಣಿನಲ್ಲಿ ಏನಾದರೂ ಹೂಳುತ್ತಾರೆ ಎಂದೂ ಕೇಳಿದ್ದೆ. ಕೊಳವೆಯನ್ನು ಜಂಪರಿಗೆ ಹಚ್ಚುವ ಗುಂಡಿಗಳ ಡಬ್ಬಿಯಲ್ಲಿ ಮುಚ್ಚಿಟ್ಟು ನೆಲ ಸರಿ ಮಾಡಿದೆ.

ಮುಂದಿನ ಭಾನುವಾರ ಇವರು ಹಿತ್ತಲಿನಲ್ಲೇ ಡಬ್ಬಿ ಬಿಚ್ಚಿದರು. ಕೋಲಿನ ತುದಿಗೆ ತಟ್ಟೆಯಂಥ ಬಳೆ, ಹಿಡಿಕೆಯಲ್ಲಿ ಸಣ್ಣ ಪೆಟ್ಟಿಗೆ, ಕಿವಿಗೆ ಹಾಕುವ ಸಾಧನ. ಮೆಟಲ್ ಡಿಟೆಕ್ಟರ್ ಎಂದು ನನಗೂ ಗೊತ್ತಾಯಿತು. ಕರಿಬೇವಿನ ಬುಡದಲ್ಲಿ ಅದನ್ನು ಮತ್ತೆ ಮತ್ತೆ ಆಡಿಸಿ, ನಿಂತು, ಅಡುಗೆಮನೆಯ ಕಿಟಕಿಯಲ್ಲಿದ್ದ ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ತಿರುಗಿದೆ. ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡದೆ ಉಣ್ಣತೊಡಗಿದೆವು.

ಹೀಗಿರುವಾಗ ಒಂದು ಭಾನುವಾರ ಠಾಣೆಯಿಂದ ಫೋನು ಬಂತು. ಕ್ವಾರಿಯಲ್ಲಿ ನಿಧಿ ಹುಡುಕುತ್ತಿದ್ದಾರೆ ಎಂದು ಯಾರೋ ತಿಳಿಸಿದ್ದರಿಂದ ಪೊಲೀಸರು ಇವರನ್ನು ಡಿಟೆಕ್ಟರ್ ಸಮೇತ ಕರೆದುಕೊಂಡು ಹೋಗಿದ್ದರು. ತಿಳಿಸಿದವನು ಮೈದುನನೇ ಇರಬೇಕು ಎಂದು ನನಗೆ ಆಗಲೇ ಅನ್ನಿಸಿತು. ಗುಂಡಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಏಕೆಂದು ನನಗೇ ಸ್ಪಷ್ಟವಿರಲಿಲ್ಲ. ಪೊಲೀಸರೆದುರಾದರೂ ಬಾಯಿ ಬಿಡಲಿ ಎಂಬ ಹಟವಿದ್ದಿರಬಹುದು.

ಠಾಣೆಯಲ್ಲಿ ಇವರು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಸಾಹೇಬರು ಡಿಟೆಕ್ಟರನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು.

"ಕ್ವಾರಿಯೊಳಗ ಸಿಡೀಲಾರದ ಮದ್ದು ಉಳದೈತಿ ಅಂತಾರ ನಿಮ್ಮ ಯಜಮಾನ್ರು. ನಿಧಿ ಹುಡುಕೋರು ಹಿಂಗ ಏನಾರ ಒಂದು ಹೇಳೇ ಹೇಳ್ತಾರ" ಅಂದರು ನನಗೆ.

ನಾನು ಡಬ್ಬಿಯಿಂದ ಕೊಳವೆ ತೆಗೆದು ಮೇಜಿನ ಮೇಲಿಟ್ಟೆ. ಸಾಹೇಬರು ಕುರ್ಚಿ ಬೀಳುವಂತೆ ಎದ್ದರು. "ಏಯ್, ಎಲ್ಲಾರೂ ಹೊರಗ ನಡೀರಿ!"

"ಖಾಲಿ ಐತ್ರಿ ಸಾರ್" ಅಂದರು ಇವರು, ಕೂತಲ್ಲಿಂದಲೇ. "ಹಳೇ ಟಿವಿ ಆಂಟೆನಾದ ತುಂಡು. ನಾನೇ ಮಾಡಿದ್ದು." ಆಮೇಲೆ ನನ್ನತ್ತ ತಿರುಗಿ, "ನೀ ತಗದಿದ್ದೇನು? ಯಂತ್ರ ಕೆಟ್ಟೈತಿ ಅಂತ ಅವತ್ತೆಲ್ಲಾ ತಲಿ ಕೆಡಿಸ್ಕೊಂಡೆ" ಅಂದರು.

ಆಗ ಎಲ್ಲವೂ ಹೊರಬಂತು. ಕಲ್ಲು ಒಡೆಯಲು ಕುಳಿಯಲ್ಲಿ ಮದ್ದು ತುಂಬಿ, ಅದನ್ನು ಸಿಡಿಸಲು ಇಂಥದೇ ಕೊಳವೆಯ ಕೇಪು ಇಡುತ್ತಾರಂತೆ. ಕೆಲವು ಸಿಡಿಯದೆ ಮಣ್ಣು ಸೇರುತ್ತವೆ. ಮಣ್ಣೊಳಗಿನ ಕೇಪು ಕಿವಿಗೆ ಹೇಗೆ ಕೇಳಿಸುತ್ತದೆಂದು ತಿಳಿಯಲು ಇವರು ಹುಸಿ ಕೇಪು ಮಾಡಿ ಹಿತ್ತಲಲ್ಲಿ ಹೂತಿದ್ದರು. ಫೋನಿನಲ್ಲಿ ಹಿಂದಿ ಮಾತಾಡುತ್ತಿದ್ದದ್ದು ಸೈನ್ಯದ ಹಳೆಯ ದಳದ ಗೆಳೆಯನ ಜೊತೆ.

"ನನಗ್ಯಾಕ ಹೇಳಲಿಲ್ಲ?" ಅಂದೆ.

"ನನಗೇ ಖಾತ್ರಿ ಇರಲಿಲ್ಲ. ಈ ಕೆಂಪು ಗರಸು ಮಣ್ಣಿನಾಗ ಕಬ್ಬಿಣದ ಅಂಶ ಐತಿ. ಎಲ್ಲಿ ಹಿಡಿದ್ರೂ ಕೂಗತೈತಿ. ಮೊಳಿ, ಬೋಲ್ಟು, ಬರೇ ಕಲ್ಲು, ಎಲ್ಲಾದಕ್ಕೂ ಕೂಗತೈತಿ. ನೆಲದಾಗ ಅಲೆ ಬಿಟ್ಟು ಒಳಗಿಂದು ಚಿತ್ರ ತೋರಿಸೋ ಯಂತ್ರ ದಳದಾಗ ಇತ್ತು, ಇದು ಅಂಥಾದ್ದಲ್ಲ. ಮದ್ದು ಐತಿ ಅಂತ ನಾ ಹೇಳಿ, ಇಲ್ಲದಿದ್ರ ಊರವ್ರು ನಗ್ತಾರ. ಇಲ್ಲ ಅಂತ ಸುಮ್ಮನಾಗಿ, ಇದ್ರ?"

ಸಾಹೇಬರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ನಿಮಗ ಈ ಅನುಮಾನ ಹೆಂಗ ಬಂತು?" ಅಂತ ಕೇಳಿದರು. ಇವರು ಬಾಗಿಲ ಕಡೆ ನೋಡಿದರು. ಯಾರನ್ನೋ ಕಾಯುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

ಸಂಜೆಯಾಗುವ ಹೊತ್ತಿಗೆ ಆಕೆ ಬಂದಳು, ನಮ್ಮ ಹೊಲದ ಪಕ್ಕದ ಹಟ್ಟಿಯ ಕುರಿ ಕಾಯುವ ಹೆಂಗಸು. ಕಂಬಳಿ ಹೊದ್ದುಕೊಂಡು ಬಾಗಿಲಲ್ಲೇ ನಿಂತಳು.

"ನಾನಾ ಹೇಳಿದ್ದು ಇವರಿಗೆ. ನನ್ನ ಕುರಿ ಕ್ವಾರ್‍ಯಾಗ ಮೇಯಾಕ ಹೋಗಿ, ಢಂ ಅಂದು ಕಾಲು ಹಾರಿ ಸತ್ತೈತ್ರಿ. ಯಾರ ಮುಂದೂ ಹೇಳಬ್ಯಾಡ್ರಿ ಅಂತ ಆಣಿ ಹಾಕ್ಸಿದ್ದೆ. ಮದ್ದು ನೀನಾ ಇಟ್ಟಿ ಅಂದಾರು ಅಂತ ಹೆದರಿಕಿ."

"ಈಗ ಯಾಕ ಹೇಳ್ತಿ?" ಅಂದರು ಸಾಹೇಬರು.

"ಇವರನ್ನ ಕಳ್ಳ ಅಂತ ಹಿಡಕೊಂಡು ಹೋದ್ರಲ್ಲರೀ. ಅನ್ನ ಹೆಂಗ ಇಳೀತೈತಿ?"

ಸಾಹೇಬರು ಫೋನು ಎತ್ತಿಕೊಂಡರು.

ಮರುದಿನ ಜಿಲ್ಲೆಯಿಂದ ಬಾಂಬು ಪತ್ತೆ ದಳ ಬಂತು. ಊರಿನವರನ್ನೆಲ್ಲ ದೂರ ನಿಲ್ಲಿಸಿದರು. ಇವರು ಎಲ್ಲಿಯೂ ಅಗೆದಿರಲಿಲ್ಲ, ಶಬ್ದ ಬಂದಲ್ಲಿ ಸುಣ್ಣದ ಗುರುತು ಮಾಡಿದ್ದರು ಅಷ್ಟೆ. ಆ ಗುರುತುಗಳಲ್ಲಿ ಹೆಚ್ಚಿನವು ಹುಸಿ. ತುಕ್ಕು ಹಿಡಿದ ಉಳಿಯ ತುಂಡು, ಮೊಳೆ, ಕಬ್ಬಿಣದ ಕಲ್ಲು. ಹುಸಿ ಬಂದಾಗಲೆಲ್ಲ ಜನ ನಗುತ್ತಿದ್ದರು. ಇವರು ಬೆವರುತ್ತಿದ್ದರು. ಪೂರ್ವದ ಗೋಡೆಯ ಕೆಳಗಿನ ಗುರುತಿನಲ್ಲಿ ದಳದವನೊಬ್ಬ ಕೈ ಎತ್ತಿ ಎಲ್ಲರನ್ನೂ ತಡೆದ. ಅಲ್ಲಿ ಮುಚ್ಚಿಹೋದ ಕುಳಿ, ಅದರೊಳಗೆ ಮದ್ದು, ಕೇಪು ಹಾಗೇ ಇದ್ದವು. ಮರಳಿನ ಚೀಲ ಪೇರಿಸಿ ಸಿಡಿಸಿದರು. ಶಬ್ದ ಎದೆಗೆ ಬಡಿಯಿತು. ಕುರಿಯವಳು ನನ್ನ ತೋಳು ಹಿಡಿದುಕೊಂಡು ಅತ್ತಳು. ಇವರು ಮಾತ್ರ ನೆಲದ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಒಬ್ಬರೇ ಅಲ್ಲಿ ಓಡಾಡಿದ್ದಕ್ಕೆ ದಳದವರು ಅವರನ್ನು ಚೆನ್ನಾಗಿ ಬೈದರು. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು.

ಈಗ ಕ್ವಾರಿಯ ಸುತ್ತ ತಂತಿ ಬೇಲಿ ಹಾಕಿದ್ದಾರೆ. ಹಟ್ಟಿಯ ಕುರಿಗಳು ಗುಡ್ಡದ ಇನ್ನೊಂದು ಬದಿಗೆ ಹೋಗುತ್ತವೆ. ಮೈದುನನಿಗೆ ಇನ್ನೂ ಸಮಾಧಾನವಿಲ್ಲ. ಮೊನ್ನೆ ಬಂದವನು ನನ್ನನ್ನು ಪಡಸಾಲೆಗೆ ಕರೆದು, "ಅತ್ತಿಗಿ, ಅವತ್ತು ಪೊಲೀಸ್ರು ಜೀಪಿಗೆ ಚೀಲ ಏರ್ಸಿದ್ರಲ್ಲ, ಅದು ಬರೇ ಮರಳಾ?" ಅಂದ. ಠಾಣೆಗೆ ತಿಳಿಸಿದ್ದು ನೀನೇನಾ ಎಂದು ನಾನು ಅವನನ್ನು ಕೇಳಿದೆ. ಅವನು ಚಹಾ ಆರುತ್ತದೆ ಅಂದ.

ನಾನು ಇವರನ್ನು ಕೇಳಿದ್ದು ಒಂದೇ. "ಎಲ್ಲಾ ತಗದಾರಲ್ಲ, ಇನ್ನು ಅಲ್ಲಿ ಏನೂ ಇಲ್ಲಲ್ಲ?"

"ಏನೂ ಇಲ್ಲ ಅಂತ ಯಂತ್ರ ಹೇಳತೈತಿ" ಅಂದರು. ತಾವು ಮಾತ್ರ ಹೂಂ ಅನ್ನಲಿಲ್ಲ.