ಹುಳುವಿಗೆ ಸೊಪ್ಪು, ತಂಗಿಗೆ ಪಥ್ಯ

ತೊಂಬತ್ತರ ದಶಕದಲ್ಲಿ ಬೂಕನಕೆರೆ ಪಕ್ಕದ ನಮ್ಮೂರಿನ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದರು. ಕೊನೆಯ ಪೊರೆ ಬಿಟ್ಟು ಎದ್ದ ಹುಳು ಹಸಿವು ತಡೆಯದು. 'ಹುಳ ಹಸಿದ್ರೆ ಗೂಡು ಜೊಳ್ಳು' ಎಂದು ಅಪ್ಪ ಗದರುತ್ತಿದ್ದ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಸೊಪ್ಪು ಹಾಕುವ ಕೆಲಸ.

ಅಂಥದೊಂದು ರೇಷ್ಮೆ ಬೆಳೆಯ ಹೊತ್ತಿಗೆ ತಂಗಿಗೆ ಕಾಮಾಲೆ ಬಂತು. ನಾಟಿ ಔಷಧಿಯ ಮುದುಕ ಪಥ್ಯ ಹೇಳಿದ. ಉಪ್ಪಿಲ್ಲ, ಎಣ್ಣೆಯಿಲ್ಲ, ಮುದ್ದೆಯಿಲ್ಲ. ಹೊತ್ತಿಗೊಂದು ಲೋಟ ಗಂಜಿನೀರು. ಅವಳ ಕಣ್ಣಿನ ಹಳದಿ ಇಳಿದು ಬೆಳ್ಳಗಾದ ಮೇಲೂ, ಕಾಮಾಲೆ ಮರಳೀತೆಂದು ಅಪ್ಪ ಪಥ್ಯ ಬಿಡಿಸಲಿಲ್ಲ. ಹುಳುಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿ, ಗಂಜಿ ಕೊಡಲೂ ಕಾವಲಿಗೂ ನನ್ನನ್ನೇ ಇಟ್ಟ.

"ಹುಳ ಮೇಯೋದು ಮಳೆ ಉಯ್ದಂಗೆ ಕೇಳ್ತದೆ ಕಣಣ್ಣ. ನಂಗೊಂಚೂರು ಮುದ್ದೆ ಕೊಡು."

"ಸುಮ್ಕೆ ಮನಿಕೊ. ಪಥ್ಯ ಕೆಟ್ರೆ ಅಪ್ಪ ನನ್ನ ಬುಡಾಕಿಲ್ಲ."

"ನಾನೂ ಹುಳ ಆಗಿ ಹುಟ್ಬೇಕಿತ್ತು ಬುಡು. ನೀನೇ ತಂದ್ ತಂದ್ ಆಕ್ತಿದ್ದೆ."

ಒಂದು ಮಧ್ಯಾಹ್ನ ಗೋಡೆ ಹಿಡಿದು ಬಂದವಳು ಹುಳುವಿನ ತಟ್ಟೆಯಿಂದ ಹಿಪ್ಪುನೇರಳೆ ಎಲೆ ತೆಗೆದು ಬಾಯಿಗಿಟ್ಟಳು. ಅವಳ ದವಡೆ ಅದುಮಿ, ಬೆರಳು ಹಾಕಿ ಕಕ್ಕಿಸಿದೆ. ಆ ಬೆರಳುಗಳು ಇನ್ನೂ ನನ್ನ ಕೈಯಲ್ಲೇ ಇವೆ.

ಏಳಲಾರದಂತಾದಾಗ ಪೇಟೆಯ ಆಸ್ಪತ್ರೆಗೆ ಒಯ್ದೆವು. "ಕಾಮಾಲೆ ಯಾವಾಗ್ಲೋ ಇಳಿದಿದೆ. ಇದು ಹಸಿವು," ಎಂದರು ಡಾಕ್ಟರು. ಅವರು ಬಿಡಿಸಿ ಹೇಳಿದರು: ಊಟ ಸಿಗದಿದ್ದರೆ ಮೈಯ ಒಂದೊಂದು ಜೀವಕೋಶವೂ ತನ್ನೊಳಗಿನದನ್ನೇ ತಿಂದು ದಿನ ದೂಡುತ್ತದೆ. ಕೆಲವು ದಿನ ಅದೇ ಜೀವ ಉಳಿಸುತ್ತದೆ. ಆಮೇಲೆ ತಿನ್ನಲು ಏನೂ ಉಳಿಯದೆ ಕೋಶವೇ ಸಾಯುತ್ತದೆ. ತಂಗಿಯ ಗುಂಡಿಗೆಯೂ ಹಾಗೇ ಸವೆದುಹೋಗಿತ್ತು. ಅವಳು ಅಲ್ಲೇ ತೀರಿಕೊಂಡಳು.

ಗೂಡಿನೊಳಗಿನ ಹುಳುವೂ ತನ್ನ ಮೈಯನ್ನೇ ಅರಗಿಸಿಕೊಂಡು ಚಿಟ್ಟೆಯಾಗುತ್ತದೆಯಂತೆ. ಆದರೆ ಅದಕ್ಕೆ ಮೊದಲು ನಾವು ಹೊಟ್ಟೆ ಬಿರಿಯ ಮೇಯಿಸಿರುತ್ತೇವೆ. ತಂಗಿಯನ್ನು ಉಳಿಸಲು ಅವಳ ಮೈ ತನ್ನನ್ನೇ ಚೂರುಚೂರಾಗಿ ಬಡಿಸಿಕೊಂಡಿತು. ಪಕ್ಕದಲ್ಲೇ ಇದ್ದ ನಾನು ಒಂದು ತುತ್ತು ಕೊಡಲಿಲ್ಲ. ಆ ಮುದುಕನ ಮೇಲೆ, ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರಿಗೆ ಗೊತ್ತಿರಲಿಲ್ಲ ಎಂದಾದರೂ ಹೇಳಬಹುದು. ಅವಳು ಕೇಳಿದ್ದು ನನ್ನನ್ನು.

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ತಿಥಿಯ ದಿನ ಮಾಡಿ ಎಡೆ ಇಡುವುದು ನಮ್ಮಲ್ಲಿನ ಪದ್ಧತಿ. ತಂಗಿಯ ತಿಥಿಗೂ ಮಾಡಿದರು: ಉಪ್ಪು, ಎಣ್ಣೆ, ಖಾರ ಎಲ್ಲ ಹಾಕಿದ ಬಸ್ಸಾರು. ಹಬೆಯಾಡುವ ಮುದ್ದೆ.

"ದೊಡ್ದು ಇಕ್ಲಾ, ಅವ್ಳಿಗೆ ಮುದ್ದೆ ಅಂದ್ರೆ ಪ್ರಾಣ," ಎಂದ ಅಪ್ಪ. "ನೀನೇ ಇಕ್ಕು. ಊಟ ಕೊಡ್ತಿದ್ದೋನು ನೀನೇ ತಾನೆ."

ಆ ಮುದ್ದೆಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಅವತ್ತೂ ಹೇಳಿದಂತೆಯೇ ಮಾಡಿದೆ.