ಅಕ್ಕನ ಎಡ ಅಂಗೈ

ಕಲಾವತಿ, ನಾನು ನಿನಗೆ ಸುಳ್ಳು ಹೇಳಿದ್ದೆ. ಹದಿನೆಂಟು ವರ್ಷಗಳ ಹಿಂದೆ ತಾಂಡೂರಿನಿಂದ ಬಂದವನು, ಕಾಲು ಕೂಡ ತೊಳೆಯದೆ, ಬಾಗಿಲಲ್ಲೇ ನಿಂತು ಹೇಳಿದೆನಲ್ಲ — "ಕೇಳೀನಿ, ಲಿಂಗ ಮೈಮ್ಯಾಲೇ ಇರ್ತದಂತ" — ಅದು ಸುಳ್ಳು. ಕೇಳಿದ್ದು ನಿಜ. ಇರುವುದಿಲ್ಲ ಎಂದು ಅಲ್ಲಿಯವರು ಸ್ಪಷ್ಟವಾಗಿ ಹೇಳಿದ್ದರು.

ಬಾಯಿಬಿಟ್ಟು ಹೇಳಿಬಿಡೋಣ ಎಂದು ಎಷ್ಟೋ ಸಲ ನಿನ್ನ ಹತ್ತಿರ ಬಂದು ಕುಳಿತಿದ್ದೇನೆ. ನೀನು ಸೊಪ್ಪು ಸೋಸುತ್ತಿರುತ್ತೀ, ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ, ನೀನು ತಲೆ ಎತ್ತಿ "ಚಹಾ ಬೇಕೇನ್ರಿ?" ಅನ್ನುತ್ತೀ. ಹೂಂ ಅನ್ನುತ್ತೇನೆ. ನಿಜ ಹೇಳಬೇಕಾದ ಹೊತ್ತಿನಲ್ಲೆಲ್ಲ ಚಹಾ ಕುಡಿದು ಎದ್ದುಹೋದ ಗಂಡ ನಿನ್ನವನು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕಾಗೆಕಾಲು ಎಂದು ನೀನು ಮೊದಲಿನಿಂದ ನಗುತ್ತೀ. ಈ ಸಲ ನಿಧಾನವಾಗಿ, ಒಂದೂ ತಪ್ಪದಂತೆ ಓದು.

ಈಗಲೇ ಯಾಕೆ ಎಂದರೆ — ಇವತ್ತು ಹಿಂದಿನ ಓಣಿಯ ಮಲ್ಲಿಕಾರ್ಜುನ ಬಂದಿದ್ದ. ಅವನ ಅಪ್ಪನಿಗೂ ನಮ್ಮ ಅಕ್ಕನ ಹಾಗೆ ಅರಳುಮರಳು ಹಿಡಿದಿದೆ. ಮುದುಕರನ್ನು ನೋಡಿಕೊಳ್ಳುವ ತಾಂಡೂರಿನ ಆ ಮನೆಯಲ್ಲಿ ಬಿಡಬಹುದೇ ಎಂದು ವಿಚಾರಿಸಲು ಬಂದ. ನಾನು ಬಾಯಿ ತೆರೆಯುವ ಮೊದಲೇ ನೀನು ಒಳಗಿನಿಂದ ಹೇಳಿದೆ: "ಇವ್ರನ್ನ ಕೇಳೋ ಮಲ್ಲಿಕಾರ್ಜುನ. ಅಕ್ಕೋರನ್ನ ಬಿಡೂ ಮುಂಚಿ ಮೊದಲ ಲಿಂಗದ ಮಾತು ಕೇಳಿದವ್ರು ಇವ್ರು. ಹಂತಾ ತಮ್ಮ ಯಾರಿಗಿ ಸಿಗ್ತಾನ?" ಕಲಾವತಿ, ಆ ಮಾತನ್ನು ನೀನು ಇಷ್ಟು ವರ್ಷ ನಂಟರ ಮುಂದೆ, ಸೊಸೆಯರ ಮುಂದೆ ಹೇಳುತ್ತಲೇ ಬಂದಿದ್ದೀ. ಪ್ರತಿ ಸಲವೂ ನಾನು ತಲೆ ತಗ್ಗಿಸಿದ್ದನ್ನು ನೀನು ನಾಚಿಕೆ ಎಂದುಕೊಂಡೆ. ನಾಳೆ ಮಧ್ಯಾಹ್ನ ಬಾ ಎಂದು ಅವನನ್ನು ಕಳಿಸಿದೆ. ಅವನಿಗೆ ಏನು ಹೇಳುವುದಾದರೂ ಅದಕ್ಕೆ ಮೊದಲು ನಿನಗೆ ಹೇಳಬೇಕು.

ಅಕ್ಕನ ಬಗ್ಗೆ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬರೆಯದಿದ್ದರೆ ನನ್ನ ತಪ್ಪಿನ ತೂಕ ತಿಳಿಯುವುದಿಲ್ಲ. ನನಗೆ ನಾಲ್ಕು ವರ್ಷವಾದಾಗ ಅವ್ವ ತೀರಿಕೊಂಡಳು. ನೀಲಕ್ಕ ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡು ಝರಾಸಂಗಮಿನ ನಮ್ಮ ಮನೆಗೆ ಮರಳಿದ್ದಳು. ನನ್ನ ಸ್ನಾನ, ಊಟ, ಜ್ವರ, ಹಠ ಎಲ್ಲ ಅವಳದೇ. ಮುಂಜಾನೆ ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಎಡಗೈಯನ್ನು ತನ್ನ ಕೈಯೊಳಗೆ ಹಿಡಿದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಕಲಿಸಿದವಳೂ ಅವಳೇ. "ಅಂಗೈ ಅಳ್ಳಾಡಬಾರದು ತಮ್ಮಾ" ಅನ್ನುತ್ತಿದ್ದಳು. ತನ್ನ ಪೂಜೆ ಆಗದೆ ಒಂದು ಗುಟುಕು ನೀರು ಕುಡಿದವಳಲ್ಲ. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಲಿಂಗ — ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವತನಕ ಮೈಬಿಟ್ಟು ಹೋಗಬಾರದ್ದು.

ಮರೆವು ಬಂದ ಮೇಲೆ ನಾಲ್ಕು ವರ್ಷ ಜಹೀರಾಬಾದಿನ ಈ ಮನೆಯಲ್ಲಿ ನೀನು ಅವಳನ್ನು ನೋಡಿಕೊಂಡೆ. ನಿನ್ನ ಸೊಂಟ ಹೋಯಿತು, ನಿದ್ದೆ ಹೋಯಿತು. ನಿನಗಾಗಿಯೇ ಅವಳನ್ನು ಕಳಿಸುತ್ತೇನೆ ಎಂದು ಊರಿಗೆಲ್ಲ ಹೇಳಿದೆ. ಅದೂ ಪೂರ್ತಿ ನಿಜವಲ್ಲ.

ಜಮಾಬಂದಿಯ ದಿನ. ಕಂದಾಯದ ಲೆಕ್ಕ ನೋಡಲು ದೊಡ್ಡ ಸಾಹೇಬರು ನಮ್ಮ ಕಚೇರಿಗೆ ಬಂದಿದ್ದರು. ನಾನು ಗಿರ್ದಾವರ, ಹೊಲಗಳ ಬೆಳೆ ನೋಡಿ ಬರೆದ ಪಹಣಿ ಪುಸ್ತಕ ಹಿಡಿದು ಮುಂದೆ ನಿಂತಿದ್ದೆ. ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು — ಸೆರಗು ನೆಲದ ಮೇಲೆ, ಕೈಯಲ್ಲಿ ರೊಟ್ಟಿ ಮುರಿದು ಹಾಲು ಹಾಕಿದ ಬಟ್ಟಲು. "ತಮ್ಮಾ, ಉಣ್ಣಾಕ ಬಾರೋ, ಮುಂಜಾನಿಂದ ಹಸದೀದಿ." ರೈತರು, ಜವಾನರು, ಎಲ್ಲರೂ ನಕ್ಕರು. ಸಾಹೇಬರು ಉರ್ದುವಿನಲ್ಲಿ ಕೇಳಿದರು, ಯಾರಿವಳು ಎಂದು. ನಾನು — ನಮ್ಮ ಊರ ಕಡೆಯ ಯಾರೋ ಹುಚ್ಚಿ ಎಂದೆ. ಜವಾನ ಅವಳ ತೋಳು ಹಿಡಿದು ಹೊರಗೆ ಬಿಟ್ಟ. ಆ ಸಂಜೆಯೇ ತಾಂಡೂರಿನ ಮಾತು ತೆಗೆದೆ.

ನೀನು ಒಪ್ಪಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಬುತ್ತಿ ಕಟ್ಟುತ್ತಾ ಅಂದೆ: "ನೋಡ್ಕೊಂಡರ ಬರ್ರಿ. ಲಿಂಗ ಮೈಮ್ಯಾಲ ಇರಾಕ ಬಿಡ್ತಾರೇನು, ಅದೊಂದ ಕೇಳ್ರಿ. ಉಳದದ್ದು ಹ್ಯಾಂಗರ ಇರ್ಲಿ."

ಹೋದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ಧಾರೂರು ದಾಟಿ ತಾಂಡೂರು. ಊರಾಚೆ ಕಲ್ಲಿನ ಗಣಿಗಳ ದಾರಿಯಲ್ಲಿ ಒಂದು ಉದ್ದನೆಯ ಮನೆ, ಬೇವಿನ ಮರ, ಹದಿನಾಲ್ಕು ಮುದುಕ ಮುದುಕಿಯರು. ನನ್ನ ಕಸುಬೇ ನೋಡಿ ಬರೆಯುವುದಲ್ಲವೇ? ಎದ್ದ ಬೆಳೆಗೆ ಎದ್ದಿದೆ, ಬಿದ್ದ ಬೆಳೆಗೆ ಬಿದ್ದಿದೆ ಎಂದು ಬರೆದು ಹೆಸರು ಮಾಡಿದವನು. ಹೊಲ ನೋಡುವ ಹಾಗೆಯೇ ಆ ಮನೆಯನ್ನೂ ನೋಡಿದೆ. ಕೋಣೆಗಳನ್ನು ಹೆಜ್ಜೆ ಹಾಕಿ ಅಳೆದೆ. ಬಾವಿಯ ನೀರು ಕುಡಿದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಕಲ್ಲು ಜಾರುತ್ತದೆಯೇ ಎಂದು ಕಾಲು ಉಜ್ಜಿ ನೋಡಿದೆ. ಒಬ್ಬ ಮುದುಕಿಯ ಬೆನ್ನಿನ ಕೆಳಗೆ ಹುಣ್ಣು ಇದೆಯೇ ಎಂದು ಕೇಳುವಷ್ಟು ಜಾಣತನ ತೋರಿಸಿದೆ. ಇರಲಿಲ್ಲ. ಹೊದಿಕೆ ಸ್ವಚ್ಛ. ಒಂದು ಹುಡುಗಿ ಒಬ್ಬ ಮುದುಕನ ಉಗುರು ಕತ್ತರಿಸುತ್ತಾ ಅವನ ಹಳೆಯ ಎತ್ತಿನ ಕಥೆ ಕೇಳುತ್ತಿದ್ದಳು. ಒಳ್ಳೆಯ ಮನೆ, ಕಲಾವತಿ. ಇವತ್ತಿಗೂ ಅದನ್ನೇ ಹೇಳುತ್ತೇನೆ.

ಕೊನೆಯಲ್ಲಿ ನಿನ್ನ ಪ್ರಶ್ನೆ ಕೇಳಿದೆ. ಅಲ್ಲಿಯ ಮೇಲ್ವಿಚಾರಕಿ, ಬೊಮ್ರಾಸಪೇಟೆ ಕಡೆಯ ಹೆಂಗಸು, ಬರೆಯುತ್ತಿದ್ದ ಪುಸ್ತಕ ಬಿಟ್ಟು ನನ್ನನ್ನು ನೋಡಿದಳು.

"ಕೊರಳಾಗ ಏನೂ ಇಡಂಗಿಲ್ರಿ. ದಾರ, ಸರ, ಯಾವ್ದೂ. ಹೋದ ವರ್ಷ ಒಬ್ಬಾಕಿ ಕೊರಳ ದಾರ ಮಂಚಕ್ಕ ಸಿಕ್ಕಿ ಉಸರ ಕಟ್ಟಿತ್ರಿ. ಪುಣ್ಯಾಕ ಉಳದ್ಲು." ಆಮೇಲೆ ಅವಳೇ, ಕೇಳದೆಯೇ, ಇನ್ನೊಂದು ಮಾತು ಹೇಳಿದಳು: "ಆದ್ರ ಬೇಕೇ ಬೇಕು ಅನ್ನೂದು ಒಂದ್ ಇರ್ತದಲ್ರಿ ಎಲ್ಲಾರಿಗಿ. ನಿಮ್ಮ ಅಕ್ಕಗ ಅದು ಏನು, ಹೇಳ್ರಿ. ಪುಸ್ತಕದಾಗ ಬರಕೋತೀನಿ. ಏನಾರ ಹಾದಿ ಹುಡುಕೂಣು."

ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. ಹೇಳಿದರೆ — ಇದು ರಗಳೆಯ ಮುದುಕಿ, ಬೇಡ ಅಂದುಬಿಟ್ಟರೆ? ಅಲ್ಲಿ ಖಾಲಿ ಇದ್ದ ಒಂದೇ ಮಂಚ ಕೈತಪ್ಪಿದರೆ? ನಾನು ಹೇಳಿದೆ: "ಏನೂ ಇಲ್ರೀ. ಆಕಿಗಿ ಈಗ ಏನೂ ನೆನಪಿಲ್ಲ."

ಆ ಹಾಳೆಯಲ್ಲಿ ಅವಳು ಒಂದು ಗೆರೆ ಎಳೆದಳು. ಬರೆಯಲು ಏನೂ ಇಲ್ಲ ಎನ್ನುವ ಗೆರೆ.

ಎಲ್ಲ ಮರೆತವಳಿಗೆ ಲಿಂಗ ಯಾಕೆ ನೆನಪಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿದೆನೋ, ನಂಬಿದಂತೆ ಮಾಡಿದೆನೋ — ಈಗ ಬೇರ್ಪಡಿಸಿ ಹೇಳಲಾರೆ.

ಬಿಡಲು ಹೋದ ದಿನ ವಿಕಾರಾಬಾದ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದೆವು. ನೀನು ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ನಿನ್ನ ಹೊಸ ಇಳಕಲ್ ಸೀರೆ ಉಡಿಸಿ ಕಳಿಸಿದ್ದೆ. ನಾನು ಅಂದೆ: "ಅಕ್ಕಾ, ಕರಡಿಗಿ ಕಪ್ಪ ಆಗ್ಯಾದ. ತಾ, ತಿಕ್ಕಿ ಕೊಡ್ತೀನಿ." ಅವಳು ನನ್ನ ಮುಖ ನೋಡಿದಳು. ನಾನು ಯಾರೆಂದು ಆ ಹೊತ್ತಿಗೆ ತಿಳಿದಿತ್ತೋ ಇಲ್ಲವೋ. ದಾರ ತೆಗೆಯಲು ನನಗೆ ಅನುಕೂಲವಾಗಲಿ ಎಂದು ತಲೆ ಬಗ್ಗಿಸಿದಳು.

ಅಷ್ಟು ಸುಲಭವಾಗಿ ಕೊಟ್ಟಳು. ಕಿತ್ತುಕೊಳ್ಳಬೇಕಾಗಿ ಬಂದಿದ್ದರೆ ಬಹುಶಃ ನನಗೆ ಬುದ್ಧಿ ಬರುತ್ತಿತ್ತು.

ಅದನ್ನು ತಂದು ನನ್ನ ಅಳತೆಯ ಸರಪಳಿ ಇಡುವ ತಗಡಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಸರಕಾರಿ ಸಾಮಾನು ಎಂದು ನೀನು ಮುಟ್ಟದ ಪೆಟ್ಟಿಗೆ ಮನೆಯಲ್ಲಿ ಅದೊಂದೇ.

ನಲವತ್ತು ದಿನ ನಾನು ಹೋಗಲಿಲ್ಲ. ನೀನು ನೂಕಿ ಕಳಿಸಿದೆ. ಕರದಂಟು ಕಟ್ಟಿಕೊಟ್ಟೆ, "ಪೂಜಿಗಿ ಹೂವು ಸಿಗ್ತಾವೇನು ಕೇಳ್ರಿ" ಎಂದೆ. ಅಲ್ಲಿ ಅಕ್ಕ ಬೇವಿನ ನೆರಳಲ್ಲಿ ಕುಳಿತಿದ್ದಳು. ಮೈ ಸ್ವಚ್ಛ, ತಲೆ ಬಾಚಿದೆ. ಎಡಗೈಯನ್ನು ಎದೆಯ ಮಟ್ಟಕ್ಕೆ ಚಾಚಿ, ಅಂಗೈ ಬಿಚ್ಚಿ ಹಿಡಿದಿದ್ದಳು.

ಉಗುರು ಕತ್ತರಿಸುತ್ತಿದ್ದ ಆ ಹುಡುಗಿ ಬಂದು ಹೇಳಿದಳು: "ಮುಂಜಾನಿ ಎದ್ದಕೂಡ್ಲೆ ಹಿಂಗೇ ಕೈ ಒಡ್ತಾಳ್ರಿ ಅಜ್ಜಿ. ಹಸದಾಳ ಅಂತ ಚುರುಮುರಿ ಹಾಕ್ತೀವಿ, ಬಾಳೆಹಣ್ಣು ಇಡ್ತೀವಿ. ಕೆಳಗ ಚೆಲ್ಲಿ ಮತ್ತ ಹಂಗೇ ಹಿಡೀತಾಳ. ಕೈ ಸೋತ ಮ್ಯಾಲೇ ಉಣ್ತಾಳ್ರಿ. ಏನ್ ಬೇಡ್ತಾಳೋ ತಿಳೀವಲ್ದು."

ಅವಳು ಬೇಡುತ್ತಿರಲಿಲ್ಲ, ಕಲಾವತಿ. ಪೂಜೆಗೆ ಕುಳಿತಿದ್ದಳು. ನಲವತ್ತು ದಿನವೂ ಪೂಜೆಗೆ ಕುಳಿತಿದ್ದಳು. ಆ ಅಂಗೈ ಅಳ್ಳಾಡುತ್ತಿರಲಿಲ್ಲ.

ಪಕ್ಕದಲ್ಲಿ ಕುಳಿತೆ. ಅವಳ ಲಿಂಗ ಜಹೀರಾಬಾದಿನಲ್ಲಿ ನನ್ನ ಪೆಟ್ಟಿಗೆಯೊಳಗಿತ್ತು. ಒಬ್ಬರ ಲಿಂಗ ಇನ್ನೊಬ್ಬರ ಅಂಗೈಗೆ ಹೋಗುವುದಿಲ್ಲ — ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಅಂಗಿಯ ಗುಂಡಿ ಬಿಚ್ಚಿದೆ. ನನ್ನ ಲಿಂಗ ತೆಗೆದು ಅವಳ ಅಂಗೈಯಲ್ಲಿಟ್ಟೆ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಎತ್ತಿ ನನ್ನ ಕರಡಿಗೆಯೊಳಗಿಟ್ಟು, ಮುಚ್ಚಿ, ದಾರವನ್ನು ನನ್ನ ಕೊರಳಿಗೆ ಹಾಕಿ ಎದೆಯ ಮೇಲೆ ಎರಡು ಸಲ ತಟ್ಟಿದಳು.

"ಇದು ನಿಂದು, ತಮ್ಮಾ. ಇಟ್ಕೋ, ಕಳಕೋಬ್ಯಾಡ."

ಮತ್ತೆ ತನ್ನ ಎಡಗೈ ಚಾಚಿ ಅಂಗೈ ಬಿಚ್ಚಿದಳು.

ನಾನು ಅತ್ತೆ. ಅಷ್ಟು ದೊಡ್ಡವನು, ಆ ಹುಡುಗಿಯ ಎದುರಿಗೆ, ಸದ್ದು ಮಾಡಿ ಅತ್ತೆ. ಆಮೇಲೆ ಎದ್ದು ಹೋಗಿ ಮೇಲ್ವಿಚಾರಕಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಪುಸ್ತಕ ತೆಗೆದು, ಆ ಗೆರೆ ಎಳೆದ ಹಾಳೆ ನೋಡಿ, "ಅವತ್ತ ಕೇಳಿದ್ನಲ್ರಿ ನಿಮಗ," ಎಂದಳು. "ಮುಂಜಾನಿ ಒಂದ್ ತಾಸು ಯಾರರ ಬಾಜೂಕ ಕೂತು ಮಾಡಸ್ತಿದ್ವಿ. ಅದೇನ್ ದೊಡ್ಡ ಕೆಲಸ?"

ಮೂರನೆಯ ದಿನ ಕರಡಿಗೆ ತೆಗೆದುಕೊಂಡು ಹೋಗಿ ಅಕ್ಕನನ್ನು ಕರೆತಂದೆ. ಹಳೆಯ ದಾರ ಪೆಟ್ಟಿಗೆಯ ತುಕ್ಕು ಹಿಡಿದು ಕೆಂಪಾಗಿತ್ತು, ತಾಂಡೂರಿನ ಅಂಗಡಿಯಲ್ಲಿ ಹೊಸ ದಾರ ಕೊಂಡೆ. ವಿಕಾರಾಬಾದಿನ ಅದೇ ಸ್ಟೇಷನ್ನಿನಲ್ಲಿ ಕೊರಳಿಗೆ ಹಾಕಹೋದರೆ ಅವಳು ಬಗ್ಗಲಿಲ್ಲ. ಕರಡಿಗೆಯನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡಳು, ತೆರೆದಳು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ನೆಟ್ಟಳು. ಅಷ್ಟು ಜನ, ಅಷ್ಟು ಗದ್ದಲ. ಜಹೀರಾಬಾದಿನ ಗಾಡಿ ಬಂತು, ಹೋಯಿತು. ನಾನು ಅವಳನ್ನು ಏಳಿಸಲಿಲ್ಲ.

ನಿನಗೆ ಹೇಳಿದ್ದು — ಅಲ್ಲಿಯ ನೀರು ಒಗ್ಗಲಿಲ್ಲ, ಗಾಡಿ ತಪ್ಪಿತು ಎಂದು. ನೀನು ಅವಳನ್ನು ಅಪ್ಪಿಕೊಂಡೆ, ಕೊರಳು ಮುಟ್ಟಿ ನೋಡಿದೆ. "ಎಷ್ಟ್ ಚೊಲೋ ಮಂದಿ ನೋಡ್ರಿ, ದಾರ ಸುದ್ದಾ ಹೊಸದು ಹಾಕ್ಯಾರ" ಎಂದೆ. ನಾನು ಹೂಂ ಎಂದೆ.

ಆಮೇಲಿನ ಹದಿನಾಲ್ಕು ತಿಂಗಳು ನಿನಗೆ ನೆನಪಿದೆ. ಅಕ್ಕ ನಿನ್ನ ಕೈಯಿಂದ ಉಂಡಳು, ನಿನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು, ನಿನ್ನನ್ನು ಅವ್ವಾ ಎಂದಳು. ನಾನು ಹತ್ತಿರ ಹೋದರೆ ಮಾತ್ರ ಬಲಗೈಯಿಂದ ಕರಡಿಗೆಯನ್ನು ಮುಚ್ಚಿ ಹಿಡಿಯುತ್ತಿದ್ದಳು. ಗಂಡಸರ ಕೈ ಎಂದು ನಾಚುತ್ತಾಳೆ ಎಂದು ನೀನು ನನ್ನನ್ನು ಸಮಾಧಾನ ಮಾಡುತ್ತಿದ್ದೆ. ನನ್ನ ಹೆಸರು, ಮುಖ ಎಲ್ಲ ಅವಳಿಗೆ ಮರೆತುಹೋಗಿತ್ತು. ನನ್ನ ಕೈ ಮರೆತಿರಲಿಲ್ಲ.

ಅವಳು ತೀರಿಕೊಂಡ ದಿನ, ಕುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಡುವ ಹೊತ್ತಿಗೆ ಅಯ್ಯನವರು ತಮ್ಮನನ್ನು ಕರೆದರು. ನಾನು ಹೋಗಲಿಲ್ಲ. ನೀವೇ ಇಡಿ ಎಂದೆ. ಯಾಕೆ ಎಂದು ನೀನು ಕೇಳಿದಾಗ ಕೈ ನಡುಗುತ್ತಿತ್ತು ಎಂದೆ. ನಡುಗುತ್ತಿರಲಿಲ್ಲ. ಆ ಅಂಗೈಯನ್ನು ಬರಿದು ಮಾಡಿದ ಕೈಯಿಂದಲೇ ಅದನ್ನು ತುಂಬಲು ನನಗೆ ಮುಖವಿರಲಿಲ್ಲ.

ಇಷ್ಟೇ. ಕ್ಷಮಿಸು ಎಂದು ಕೇಳಬೇಕೆಂದು ಕುಳಿತೆ. ಕ್ಷಮಿಸಬೇಕಾದವಳು ನೀನೊಬ್ಬಳೇ ಅಲ್ಲ, ಇನ್ನೊಬ್ಬಳು ಈಗ ಇಲ್ಲ. ಕೇಳುವುದಿಲ್ಲ.

ನಾಳೆ ಮಲ್ಲಿಕಾರ್ಜುನ ಬಂದಾಗ ಅವನಿಗೆ ಕೋಣೆಯ ಅಳತೆ, ಬಾವಿಯ ನೀರು ಹೇಳುವುದಿಲ್ಲ. "ನಿಮ್ಮ ಅಪ್ಪನಿಗೆ ಬೇಕೇ ಬೇಕಾದದ್ದು ಏನು" ಎಂದು ಅಲ್ಲಿ ಕೇಳುತ್ತಾರೆ, ನಿಜ ಹೇಳು, ಬರೆಸು, ಬರೆದದ್ದನ್ನು ಓದಿ ನೋಡಿ ಬಾ ಎನ್ನುತ್ತೇನೆ. ಆಮೇಲೆ, ಅಲ್ಲಿ ನನ್ನನ್ನು ಕೇಳಿದಾಗ ನಾನು ನಿಜ ಹೇಳಲಿಲ್ಲ ಎಂದೂ ಹೇಳುತ್ತೇನೆ. ನೀನು ಚಹಾ ಇಟ್ಟು ಒಳಗೆ ಹೋಗಬೇಡ. ನನ್ನ ಎದುರಿಗೇ ಕೂತಿರು.