ಕಾರಿನ ಬಟ್ಟೆ, ಅಮ್ಮನ ಕೈ

"ಬುಡಮ್ಮ, ನಿನ್ ಕೈ ಒರಟು, ಬಟ್ಟೆ ಎಳೆಯೆಲ್ಲಾ ಕಿತ್ಕೊಂಡ್ ಬತ್ತದೆ!" ಎಂದು ನನ್ನ ತಮ್ಮ ಅಮ್ಮನ ಕೈಯಿಂದ ಬಟ್ಟೆ ಕಸಿದುಕೊಂಡ. ತೊಳೆದ ಕಾರಿಗೆ ಗೀರು ಬೀಳಬಾರದೆಂದು ಟವೆಲ್ಲು, ಬನಿಯನ್ನು, ಹಳೇ ಪಂಚೆ ಎಲ್ಲವನ್ನೂ ಕೆನ್ನೆಗೆ ಉಜ್ಜಿ ನೋಡಿ, ಕೊನೆಗೆ ತಿಪಟೂರಿನಿಂದ ಮೈಕ್ರೋಫೈಬರ್ ಬಟ್ಟೆ ತಂದಿದ್ದ. ಮಗನಿಗೆ ನೆರವಾಗಲೆಂದು ಅಮ್ಮ ಒರೆಸಲು ಹೋಗಿದ್ದಳಷ್ಟೆ. ಕೊಬ್ಬರಿಯ ಕರಟ ಬಿಡಿಸಿ ಬಿಡಿಸಿ ಬಿರುಕುಬಿಟ್ಟ ಬೆರಳಿಗೆ ಎಳೆ ಸಿಕ್ಕಿಕೊಂಡಿತ್ತು. ಆ ಕೊಬ್ಬರಿ ಮಾರಿಯೇ ಕಾರು ಬಂದಿದ್ದು.

ಅಮ್ಮ ಎರಡೂ ಕೈ ಚಾಚಿದಳು. "ನಿಂಗೆ ನೀರು ಹುಯ್ದು ಮೈ ಒರೆಸಿದ್ದೂ ಇದೇ ಕೈ ಕಣಪ್ಪ. ಎಲ್ಲಾದ್ರೂ ಗೀರು ಬಿದ್ದೈತಾ, ನೋಡ್ಕೊ."

ತಮ್ಮ ನಕ್ಕು, ಬಾನೆಟ್ ಒರೆಸತೊಡಗಿದ. ಅಮ್ಮ ಈಗಲೂ ಸಂತೆಗೆ ಬಸ್ಸಿನಲ್ಲೇ ಹೋಗುತ್ತಾಳೆ. ಕಾರು ಹತ್ತು ಎಂದರೆ, "ಸೀಟಿಗೆ ನನ್ ಕೈ ತಾಗೀತು" ಅನ್ನುತ್ತಾಳೆ.